ಮ್ಯಾಗಜೀನ್ ಖಾಲಿ ಅಂದ್ರೆ ರೈಫಲ್ ಖಾಲಿ ಅಂತಲ್ಲ

ಬೋಲ್ಟ್ ರೈಫಲ್ (ಹಿಡಿ ಹಿಂದೆ ಮುಂದೆ ಎಳೆದು ತೋಟಾ ಹಾಕಿ ತೆಗೆಯುವ ರೈಫಲ್) ಖಾಲಿ ಮಾಡೋದು ಹೇಗೆ ಅಂತ ದಾವಣಗೆರೆ, ಚಿತ್ರದುರ್ಗದ ಕಡೆ ಲೈಸೆನ್ಸ್ ಇರುವ ಯಾರನ್ನಾದರೂ ಕೇಳಿ ನೋಡಿ. "ಬೋಲ್ಟು ಹಿಂದಕ್ಕೆ ಮುಂದಕ್ಕೆ ಎಳಕೊಂತ ಹೋಗ್ರಿ, ತೋಟಾ ಬೀಳೋದು ನಿಂತ್ರೆ ಖಾಲಿ ಆತು ಅಂತ" ಅನ್ನುತ್ತಾರೆ. ಸುಳ್ಳೇನಲ್ಲ. ಹಳೆಯ ಸೇನಾ ಡ್ರಿಲ್‌ನಲ್ಲೂ ಹಾಗೇ ಕಲಿಸುತ್ತಿದ್ದರು. ಆದರೆ ಇರುವ ದಾರಿಗಳಲ್ಲಿ ಇದೇ ಕೆಟ್ಟದ್ದು. ಬೋಲ್ಟ್ ಪೂರ್ತಿ ಮುಂದೆ ಹೋಗಿ ಕೆಳಗೆ ಕೂತಾಗಲೆಲ್ಲ ಒಂದು ತೋಟಾ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಸೇರುತ್ತದೆ, ಅದರ ಹಿಂದೆ, ತೋಟಾದ ತಳಕ್ಕೆ ಬಡಿದು ಹಾರಿಸುವ ಫೈರಿಂಗ್ ಪಿನ್ ಎಳೆದುಕೊಂಡು ಸಿದ್ಧವಾಗಿ ನಿಲ್ಲುತ್ತದೆ. ಅಂದರೆ ಐದು ತೋಟಾ ತೆಗೆಯುವ ಹೊತ್ತಿಗೆ ರೈಫಲ್ಲನ್ನು ಐದು ಸಲ ಹಾರಿಸಲು ತಯಾರು ಮಾಡಿರುತ್ತೀರಿ. ಬಹುತೇಕ ಮ್ಯಾಗಜೀನ್‌ಗಳಲ್ಲಿ, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆಗಳಲ್ಲಿ, ಇದನ್ನು ತಪ್ಪಿಸುವ ದಾರಿ ಇದೆ. ಅದು ಯಾವ ದಾರಿ ಅನ್ನುವುದು ನಿಮ್ಮ ರೈಫಲ್‌ನ ಹೊಟ್ಟೆಯಲ್ಲಿ ಎಂಥ ಪೆಟ್ಟಿಗೆ ಇದೆ ಎಂಬುದರ ಮೇಲೆ ನಿಂತಿದೆ. ಪೆಟ್ಟಿಗೆಯ ರಚನೆ ಗೊತ್ತಿಲ್ಲದೆ ಕ್ರಮ ಉರು ಹೊಡೆದರೆ ಪ್ರಯೋಜನವಿಲ್ಲ.

ಮೊದಲೇ ಒಂದು ಮಾತು. ಇಲ್ಲಿ ತೋಟಾ ಅಂದರೆ ಪಿತ್ತಳೆ ಕವಚ, ಮದ್ದು, ಬಡಿದರೆ ಕಿಡಿ ಹೊತ್ತಿಸುವ ಹಿಂಬದಿಯ ಕ್ಯಾಪ್, ಗುಂಡು ಎಲ್ಲ ಸೇರಿದ್ದು. ಗುಂಡು ಅಂದರೆ ನಳಿಗೆಯಿಂದ ಹಾರಿಹೋಗುವ ತುದಿ ಮಾತ್ರ.

ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚು ಕಾಣುವುದು 12 ಬೋರಿನ ಡಬಲ್ ಬ್ಯಾರೆಲ್. ಮಧ್ಯಕ್ಕೆ ಮಡಚಿ ಎರಡು ತೂತಲ್ಲಿ ಬೆಳಕು ಕಂಡರೆ ಅದರ ಕಥೆ ಮುಗಿಯಿತು. ಬೋಲ್ಟ್ ರೈಫಲ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಯ .315, ಅಲ್ಲಲ್ಲಿ .30-06, .22 (ಇವು ತೋಟಾದ ಅಳತೆಯ ಹೆಸರುಗಳು). ಪೊಲೀಸರ ಹಳೇ .303 ಅನ್ನು ಎಲ್ಲರೂ ನೋಡಿರುತ್ತಾರೆ. ಅದು ಸೇನೆಯ ಬೋರ್ ಆದ್ದರಿಂದ ಖಾಸಗಿಯವರಿಗೆ ಸಿಗುವುದಿಲ್ಲ. ಆ .303ರ, ಅಂದರೆ ಬ್ರಿಟಿಷ್ ಕಾಲದ ಲೀ-ಎನ್‌ಫೀಲ್ಡ್ ರೈಫಲ್‌ನ, ಬೋಲ್ಟಿಗೆ ಬೇರೆ ತೋಟಾ ಕೊಟ್ಟು ಮಾಡಿದ್ದು .315. ತಮಾಷೆಯೆಂದರೆ ಈ .315 ತೋಟಾ ಮೂಲತಃ ಆಸ್ಟ್ರಿಯಾ-ಹಂಗೇರಿ ಸೇನೆಯ ಮ್ಯಾನ್‌ಲಿಷರ್ ರೈಫಲ್‌ನದು, 8×50 ಮಿ.ಮೀ., ಹಿಂಬದಿಗೆ ಅಗಲ ಅಂಚು ಇರುವಂಥದ್ದು. ಅಲ್ಲಿ ಐದು ತೋಟಾಗಳ ತಗಡಿನ ಕ್ಲಿಪ್ಪನ್ನೇ ಇಡಿಯಾಗಿ ಒಳಗೆ ತುರುಕುತ್ತಿದ್ದರು, ತೋಟಾ ಮುಗಿದ ಮೇಲೆ ಕ್ಲಿಪ್ ತಳದಿಂದ ಉದುರುತ್ತಿತ್ತು. ಇಲ್ಲಿ ಅದೇ ತೋಟಾ ಲೀ ಪೆಟ್ಟಿಗೆಯಲ್ಲಿ ಸಂಸಾರ ಮಾಡುತ್ತಿದೆ.

ಪೆಟ್ಟಿಗೆಗಳ ಜಾತಿ

ಹಳೆಯದು ಕೊಳವೆ ಮ್ಯಾಗಜೀನ್. ನಳಿಗೆಯ ಕೆಳಗೆ ಉದ್ದ ಕೊಳವೆ, ಅದರಲ್ಲಿ ತೋಟಾಗಳು ಒಂದರ ಹಿಂದೆ ಒಂದು. 1886ರ ಫ್ರೆಂಚ್ ಲೆಬೆಲ್‌ನಲ್ಲಿ ಎಂಟು ಹಿಡಿಯುತ್ತಿದ್ದವು. ಇದರ ತೊಂದರೆ ಕೊಳವೆಯೊಳಗೇ ಇದೆ. ಹಿಂದಿನ ತೋಟಾದ ಮೂತಿ ಮುಂದಿನದರ ಕ್ಯಾಪಿಗೆ ತಾಗಿಕೊಂಡಿರುತ್ತದೆ. ಮೂತಿ ಚಪ್ಪಟೆ ಇದ್ದರೆ ಪರವಾಗಿಲ್ಲ. ಚೂಪಿದ್ದರೆ, ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಅದೇ ಫೈರಿಂಗ್ ಪಿನ್ನಿನ ಕೆಲಸ ಮಾಡಬಹುದು. ಫ್ರೆಂಚರು 1898ರಲ್ಲಿ ಚೂಪು ಗುಂಡಿಗೆ ಬದಲಾದಾಗ ಕವಚದ ತಳದಲ್ಲಿ ಕ್ಯಾಪಿನ ಸುತ್ತ ವೃತ್ತಾಕಾರದ ತೋಡು ಕೊರೆಯಬೇಕಾಯಿತು, ಮೂತಿ ಆ ತೋಡಿನಲ್ಲಿ ಕೂರಲಿ ಅಂತ. ಈಗ ಕೊಳವೆ ಉಳಿದಿರುವುದು ಹೆಚ್ಚಾಗಿ .22ರಲ್ಲಿ. ಅದರಲ್ಲಿ ಕ್ಯಾಪ್ ನಡುವೆ ಇಲ್ಲ, ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೆ ಇರುತ್ತದೆ, ಸೀಸದ ಮೂತಿಯೂ ಉರುಟು.

ಕೊಳವೆಯನ್ನು ಬದಿಗೆ ಸರಿಸಿದ್ದು ಪೆಟ್ಟಿಗೆ. ಜೇಮ್ಸ್ ಪ್ಯಾರಿಸ್ ಲೀ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ತೋಟಾಗಳು ಬೋಲ್ಟಿನ ನೇರ ಕೆಳಗೆ ಒಂದರ ಮೇಲೊಂದು ಮಲಗುತ್ತವೆ, ತಳದ ಸ್ಪ್ರಿಂಗ್ ಮೇಲಕ್ಕೆ ಒತ್ತುತ್ತದೆ, ಪೆಟ್ಟಿಗೆಯನ್ನೇ ಬಿಚ್ಚಿ ತೆಗೆಯಬಹುದು. ಸ್ಪ್ರಿಂಗಿಗೂ ಕೊನೆಯ ತೋಟಾಕ್ಕೂ ನಡುವೆ ಇರುವ ತಟ್ಟೆಯೇ ಫಾಲೋವರ್. ಮೇಲಿನ ತೋಟಾ ಹಾರಿಹೋಗದಂತೆ ಎರಡೂ ಬದಿಯಲ್ಲಿ ಒಳಕ್ಕೆ ಬಾಗಿರುವ ತಗಡಿನ ಅಂಚೇ ತುಟಿ. ಮ್ಯಾಗಜೀನಿನ ಮುಕ್ಕಾಲು ಪಾಲು ಕಾಯಿಲೆ ಈ ತುಟಿಯಿಂದ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಜರ್ಮನಿಯ ಪಾಲ್ ಮೌಸರ್ ಬೇರೆ ದಾರಿ ಹಿಡಿದ. 1889ರ ಬೆಲ್ಜಿಯಂ ಮಾದರಿಯಲ್ಲಿ ಪೆಟ್ಟಿಗೆ ಒಂಟಿ ಸಾಲಿನದು, ಆದ್ದರಿಂದ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ಮುಂದೆ ಕೆಳಗೆ ಜೋತುಬಿದ್ದಿತ್ತು. 1893ರ ಸ್ಪೇನ್ ಮಾದರಿಯಲ್ಲಿ ತೋಟಾಗಳನ್ನು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಕೂರಿಸಿದ್ದರಿಂದ ಐದೂ ಮರದ ಹೊಟ್ಟೆಯೊಳಗೇ ಹಿಡಿದವು. ಇವತ್ತಿನ ಬೇಟೆ ರೈಫಲ್‌ಗಳ ಒಳಪೆಟ್ಟಿಗೆ ಬಹುತೇಕ ಆ ಲೆಕ್ಕದ್ದೇ. ಲೆಕ್ಕ ಚೊಕ್ಕವಾಗಿದೆ. ಅಕ್ಕಪಕ್ಕದ ಮೂರು ತೋಟಾಗಳ ನಡುಬಿಂದು ಸೇರಿಸಿದರೆ ಸಮಬಾಹು ತ್ರಿಕೋನ ಆಗಬೇಕು. ಹಾಗಾಗಲು ಪೆಟ್ಟಿಗೆಯ ಒಳ ಅಗಲ ತೋಟಾದ ತಳದ ವ್ಯಾಸದ 1.866 ಪಟ್ಟು ಇರಬೇಕು. .30-06ರ ತಳ ಸುಮಾರು 12 ಮಿ.ಮೀ., ಪೆಟ್ಟಿಗೆಯ ಹಿಂಬದಿ ಅಗಲ ಸುಮಾರು 22.4 ಮಿ.ಮೀ. ಇದಕ್ಕಿಂತ ಅಗಲವಾದರೆ ಮೇಲಿನ ತೋಟಾ ಕೆಳಗಿನ ಎರಡರ ನಡುವೆ ಬೆಣೆಯ ಹಾಗೆ ಇಳಿದು ಅವನ್ನು ಗೋಡೆಗೆ ಒತ್ತುತ್ತದೆ. ಇಕ್ಕಟ್ಟಾದರೆ ಸ್ಪ್ರಿಂಗಿನ ಒತ್ತು ಮೇಲಕ್ಕೆ ಹೋಗುವ ಬದಲು ಪಕ್ಕಕ್ಕೆ ಸೋರಿ ತೋಟಾಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ಒಂದು ತೋಟಾಕ್ಕೆ ಮಾಡಿದ ರೈಫಲ್ಲನ್ನು ನಳಿಗೆ ಮಾತ್ರ ಬದಲಿಸಿ ಇನ್ನೊಂದಕ್ಕೆ ಹೊಂದಿಸಿದಾಗ ಗುಂಡು ಸರಿಯಾಗಿ ಹಾರಿದರೂ ಫೀಡಿಂಗ್ (ತೋಟಾ ಪೆಟ್ಟಿಗೆಯಿಂದ ಚೇಂಬರಿಗೆ ಏರುವುದು) ಕೈಕೊಡುವುದು ಇದಕ್ಕೇ. ಪೆಟ್ಟಿಗೆಯನ್ನು ಯಾರೂ ಅಳೆದಿರುವುದಿಲ್ಲ.

ಉದ್ದಕ್ಕೂ ಲೆಕ್ಕವಿದೆ. .30-06 ತೋಟಾದ ಪೂರ್ತಿ ಉದ್ದ ಹೆಚ್ಚೆಂದರೆ 84.8 ಮಿ.ಮೀ., .308ರದು 71.1. ಉದ್ದ ಪೆಟ್ಟಿಗೆಯಲ್ಲಿ ಗಿಡ್ಡ ತೋಟಾ ಹಾಕಿದರೆ ಅದು ಪ್ರತಿ ಸಲ ಒದ್ದಾಗಲೂ ಹಿಂದೆ ಮುಂದೆ ಜಾರಿ ಮೂತಿ ಜಜ್ಜಿಕೊಳ್ಳುತ್ತದೆ.

ಮೌಸರ್ ಫಾಲೋವರ್ ಮೇಲೆ ಒಂದು ಬದಿಗೆ ಏಣು ಇರುತ್ತದೆ ನೋಡಿ. ಕೊನೆಯ ತೋಟಾವನ್ನು ಪಕ್ಕಕ್ಕೆ ತಳ್ಳಿ ಸರಿಯಾದ ಸಾಲಿಗೆ ಕೂರಿಸಲು ಅದು ಬೇಕು. ಸೇನೆಯ ಮೌಸರ್‌ಗಳಲ್ಲಿ ಫಾಲೋವರಿನ ಹಿಂಬದಿ ಚೌಕ, ಖಾಲಿಯಾದ ಮೇಲೆ ಬೋಲ್ಟ್ ಮುಂದೆ ಹೋಗುವುದಿಲ್ಲ. ಬೇಟೆ ಮಾದರಿಗಳಲ್ಲಿ ಅದನ್ನು ಇಳಿಜಾರಾಗಿ ಉಜ್ಜಿರುತ್ತಾರೆ, ಖಾಲಿ ಇದ್ದರೂ ಬೋಲ್ಟ್ ಮುಚ್ಚುತ್ತದೆ. ಆದ್ದರಿಂದ "ಬೋಲ್ಟ್ ಸಲೀಸಾಗಿ ಮುಚ್ಚಿತು, ಹಾಗಾದ್ರೆ ತೋಟಾ ಒಳಗೆ ಹೋಗಿದೆ" ಅಂತಲೂ, "ತಡೀತು, ಹಾಗಾದ್ರೆ ಖಾಲಿ" ಅಂತಲೂ ತೀರ್ಮಾನಿಸುವಂತಿಲ್ಲ.

ಒಳಪೆಟ್ಟಿಗೆಯಲ್ಲಿ ಎರಡು ಬಗೆ. ಕೆಳಗೆ ಕೀಲಿರುವ ತಳದ ತಟ್ಟೆ ಇದ್ದು ಗುಂಡಿ ಒತ್ತಿದರೆ ತೆರೆದುಕೊಳ್ಳುವುದು ಒಂದು. ತಳವೇ ಇಲ್ಲದೆ ಮರ ಮುಚ್ಚಿಕೊಂಡಿರುವ ಕುರುಡು ಪೆಟ್ಟಿಗೆ ಇನ್ನೊಂದು. ಅಗ್ಗದ ರೈಫಲ್‌ಗಳಲ್ಲಿ ಈ ಎರಡನೆಯದು ಹೆಚ್ಚು. ಖಾಲಿ ಮಾಡಲು ಅತಿ ಕಷ್ಟದ್ದೂ ಇದೇ. ಇನ್ನು ಮ್ಯಾನ್‌ಲಿಷರ್-ಶೋನಾವರ್‌ನ ಚಕ್ರ ಮ್ಯಾಗಜೀನ್ ಅಂತ ಒಂದಿದೆ, ತೋಟಾಗಳು ತಿರುಗುವ ಗಾಲಿಯ ಹಲ್ಲುಗಳ ನಡುವೆ ಕೂರುತ್ತವೆ. ಕೆಲಸ ಬಲು ನಯ, ನಮ್ಮ ಕಡೆ ಕಾಣುವುದು ಅಪರೂಪ.

ಅಂಚಿನ ತೋಟಾದ ಕಿರಿಕಿರಿ

.303, .315 ಎರಡಕ್ಕೂ ತಳದಲ್ಲಿ ಹೊರಚಾಚಿದ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ, ಬೋಲ್ಟ್ ಮೇಲಿನದನ್ನು ಮುಂದೆ ತಳ್ಳಿದಾಗ ಅದು ಕೆಳಗಿನದನ್ನೂ ಕೊಕ್ಕೆ ಹಾಕಿಕೊಂಡು ಎಳೆಯುತ್ತದೆ. ಎರಡೂ ಸೇರಿ ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ಹಾಗಾದಾಗ ಜನ ಬೋಲ್ಟಿಗೆ ಅಂಗೈಯಲ್ಲಿ ಗುದ್ದುತ್ತಾರೆ. ಗುದ್ದಬೇಡಿ. ಬೋಲ್ಟ್ ಹಿಂದಕ್ಕೆ ಎಳೆದು ಹಿಡಿಯಿರಿ, ಬಿಚ್ಚುವ ಪೆಟ್ಟಿಗೆಯಾದರೆ ಬಿಚ್ಚಿ ತೆಗೆಯಿರಿ, ಮೇಲಿನ ತೋಟಾವನ್ನು ಬೆರಳಿನಿಂದ ಒತ್ತಿ ಅಂಚು ಬಿಡಿಸಿ ಹೊರತೆಗೆಯಿರಿ.

ಲೋಡ್ ಮಾಡುವಾಗಲೇ ಸರಿಯಾಗಿ ಇಟ್ಟರೆ ಈ ರಗಳೆ ಇಲ್ಲ. ಪ್ರತಿ ತೋಟಾವನ್ನು ಒತ್ತಿದ ಮೇಲೆ ಪೂರ್ತಿ ಹಿಂದಕ್ಕೆ ಸರಿಸಿ, ಮುಂದಿನದರ ಅಂಚನ್ನು ಅದರ ಮುಂದೆ ಇಳಿಸಿ. ಲೀ ಪೆಟ್ಟಿಗೆಯ ಹಿಂಗೋಡೆ ಓರೆಯಾಗಿರುವುದು ಇದಕ್ಕೆ ನೆರವಾಗಲಿ ಅಂತಲೇ.

ಕೊಕ್ಕೆ ಯಾವಾಗ ಹಿಡಿಯುತ್ತದೆ

ಖಾಲಿ ಮಾಡುವ ಕ್ರಮ ಹೇಳುವ ಮುಂಚೆ ಬೋಲ್ಟ್ ಮೂತಿಯ ಕೊಕ್ಕೆಯ ಬಗ್ಗೆ ಗೊತ್ತಿರಬೇಕು. ಇಂಗ್ಲಿಷಿನವರು ಎಕ್ಸ್‌ಟ್ರಾಕ್ಟರ್ ಅನ್ನುವ ಇದು ತೋಟಾದ ತಳವನ್ನು ಹಿಡಿದು ಹೊರಗೆಳೆಯುತ್ತದೆ.

ಮೌಸರ್ 98ರಲ್ಲಿ (1898ರ ಮಾದರಿ) ಬೋಲ್ಟಿನ ಪಕ್ಕಕ್ಕೆ ಉದ್ದ ಪಟ್ಟಿಯಂಥ ದೊಡ್ಡ ಕೊಕ್ಕೆ. ತೋಟಾ ಪೆಟ್ಟಿಗೆಯ ತುಟಿ ದಾಟಿ ಮೇಲೇಳುವಾಗಲೇ ಅದರ ತಳ ಕೊಕ್ಕೆಯೊಳಗೆ ಜಾರಿ ಕೂರುತ್ತದೆ. ಬೋಲ್ಟ್ ಅರ್ಧ ಮುಂದೆ ಹೋಗಿದ್ದಾಗ ನಿಲ್ಲಿಸಿ ಹಿಂದಕ್ಕೆ ಎಳೆದರೂ ತೋಟಾ ಜೊತೆಗೇ ಬಂದು ಹೊರಬೀಳುತ್ತದೆ.

ಲೀ-ಎನ್‌ಫೀಲ್ಡ್‌ನಲ್ಲಿ ಮತ್ತು ಈಗಿನ ಬಹಳಷ್ಟು ರೈಫಲ್‌ಗಳಲ್ಲಿ ಹಾಗಲ್ಲ. ಬೋಲ್ಟ್ ತೋಟಾವನ್ನು ಬರೀ ತಳ್ಳುತ್ತದೆ. ತೋಟಾ ಚೇಂಬರಿನಲ್ಲಿ ಕೂತು ಬೋಲ್ಟ್ ಕೊನೆಗೆ ಒತ್ತಿದಾಗಷ್ಟೇ ಸಣ್ಣ ಕೊಕ್ಕೆ ಅಂಚಿನ ಮೇಲೆ ಟಕ್ ಅಂತ ಹಾರಿ ಕೂರುತ್ತದೆ. ನೀವು ಮುಕ್ಕಾಲು ದೂರ ತಳ್ಳಿ ಮನಸ್ಸು ಬದಲಿಸಿ ಹಿಂದಕ್ಕೆ ಎಳೆದರೆ ಬೋಲ್ಟ್ ಬರುತ್ತದೆ, ತೋಟಾ ಚೇಂಬರಿನಲ್ಲೇ ಉಳಿಯುತ್ತದೆ. ಮತ್ತೆ ಮುಂದೆ ತಳ್ಳಿದಿರೋ, ಪೆಟ್ಟಿಗೆಯಿಂದ ಇನ್ನೊಂದು ಎದ್ದು ಬಂದು ಅದರ ಮೂತಿ ಮೊದಲನೆಯದರ ಕ್ಯಾಪಿಗೆ ಹೋಗಿ ಗುದ್ದುತ್ತದೆ, ಅದೂ ಬೋಲ್ಟ್ ತೆರೆದಿರುವಾಗ, ನಿಮ್ಮ ಮುಖ ಹತ್ತಿರ ಇರುವಾಗ. ತಳ್ಳುವ ಬೋಲ್ಟಿನ ರೈಫಲ್ ಹಿಡಿದವರು ಕಲಿಯಬೇಕಾದ ಮೊದಲ ಪಾಠ ಇದೇ. ಬೋಲ್ಟ್ ಹಿಂದಕ್ಕೆ ಬಂದಾಗ ಏನೂ ಹೊರಬೀಳಲಿಲ್ಲ ಅಂದರೆ ಮುಂದೆ ತಳ್ಳುವ ಮುಂಚೆ ಚೇಂಬರ್ ನೋಡಿ.

ಮೂತಿ ಎಲ್ಲಿ ತಿರುಗಿಸಬೇಕು

ಖಾಲಿ ಮಾಡುವಾಗ ನಳಿಗೆಯ ಮೂತಿ ಸುರಕ್ಷಿತ ಕಡೆಗೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ, ಆ ಕಡೆ ಯಾವುದು ಅಂತ ಯಾರೂ ಹೇಳುವುದಿಲ್ಲ. ಚಿತ್ರದುರ್ಗದ ಬಂಡೆ, ಅಂಗಳದ ಚಪ್ಪಡಿ ಕಲ್ಲು, ಸಿಮೆಂಟ್ ನೆಲ ಇವು ಯಾವುವೂ ಅಲ್ಲ. ಗ್ರಾನೈಟಿಗೆ ಬಡಿದ ಗುಂಡು ಸಿಡಿದು ಎತ್ತ ಹೋಗುತ್ತದೆಂದು ಹೇಳಲಾಗದು. ಕೆರೆ, ಭದ್ರಾ ಕಾಲುವೆಯ ನೀರೂ ಅಲ್ಲ. ಓರೆಯಾಗಿ ತಾಗಿದ ಗುಂಡು ನೀರಿನ ಮೇಲಿಂದಲೂ ಪುಟಿಯುತ್ತದೆ. ಆಕಾಶ ಅಂತೂ ಅಲ್ಲವೇ ಅಲ್ಲ. .30-06ರಂಥ ರೈಫಲ್ ಗುಂಡು ಮೂರು ಕಿಲೋಮೀಟರಿಗಿಂತ ಆಚೆ ಹೋಗಿ ಬೀಳಬಲ್ಲದು, ಅಷ್ಟರೊಳಗೆ ನಮ್ಮ ಬಯಲುಸೀಮೆಯಲ್ಲಿ ಒಂದು ಊರು ಸಿಕ್ಕೇ ಸಿಗುತ್ತದೆ. ದಾವಣಗೆರೆ ಪೇಟೆಯ ಮನೆಯಲ್ಲಿ ಮಹಡಿ ಮೇಲೆ, ಪಕ್ಕದ ಗೋಡೆಯ ಆಚೆ ಜನ ಇದ್ದೇ ಇರುತ್ತಾರೆ.

ಹೊಲದಲ್ಲಾದರೆ ಉತ್ತ ಎರೆಮಣ್ಣು ಚೆನ್ನ, ಕಲ್ಲಿಲ್ಲದ ಕಡೆ, ಕಾಲಿನಿಂದ ಒಂದಿಷ್ಟು ದೂರಕ್ಕೆ, ಇಳಿಜಾರಾಗಿ ಕೆಳಮುಖ. ಮನೆಯಲ್ಲಾದರೆ ಮರಳು. ಶಸ್ತ್ರಾಗಾರಗಳಲ್ಲಿ ಮರಳು ತುಂಬಿದ ಡ್ರಮ್ ಓರೆಯಾಗಿ ಇಟ್ಟಿರುವುದು ಇದಕ್ಕೇ. ಮನೆಯಲ್ಲೂ ಒಣ ಮರಳು ತುಂಬಿದ ದೊಡ್ಡ ಡ್ರಮ್ ಒಂದನ್ನು ನೆಲಮಹಡಿಯ ಮೂಲೆಯಲ್ಲಿ ಇಟ್ಟುಕೊಳ್ಳಬಹುದು. ಜಲ್ಲಿ ಬೆರೆತಿರಬಾರದು. ಸಣ್ಣ ಬಕೆಟ್ ಸಾಲದು, ರೈಫಲ್ ಗುಂಡು ಅದರಲ್ಲಿ ನಿಲ್ಲುತ್ತದೆಂಬ ಭರವಸೆ ಇಲ್ಲ.

ಬಿಚ್ಚುವ ಪೆಟ್ಟಿಗೆ ಇದ್ದರೆ

ಮೂತಿ ಮರಳಿಗೆ, ಬೆರಳು ಟ್ರಿಗರ್ ಗಾರ್ಡಿನ ಹೊರಗೆ. ಬೋಲ್ಟ್ ತೆರೆಯಲು ಬಿಡುವ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸಾಧನ) ಇದ್ದರೆ ಹಾಕಿ. ಮೌಸರಿನ ರೆಕ್ಕೆ ಸೇಫ್ಟಿಗೆ ಮೂರು ಸ್ಥಾನ. ಎಡಕ್ಕೆ ಹಾರಿಸಲು, ಬಲಕ್ಕೆ ಎಲ್ಲವೂ ಬಂದ್, ನೆಟ್ಟಗೆ ಮೇಲೆ ನಿಲ್ಲಿಸಿದರೆ ಫೈರಿಂಗ್ ಪಿನ್ ಬಂದ್ ಆಗಿಯೇ ಬೋಲ್ಟ್ ಆಡುತ್ತದೆ. ಖಾಲಿ ಮಾಡಲೆಂದೇ ಇರುವ ಸ್ಥಾನ ಅದು. ಕೆಲವು ರೈಫಲ್‌ಗಳಲ್ಲಿ ಸೇಫ್ಟಿ ಹಾಕಿದರೆ ಬೋಲ್ಟೂ ಬಿಗಿಯಾಗುತ್ತದೆ, ತೆಗೆಯಲೇಬೇಕು. ಅಂಥಲ್ಲಿ ಮೂತಿಯ ದಿಕ್ಕು ಒಂದೇ ನಿಮ್ಮ ರಕ್ಷಣೆ.

ಸಾಮಾನ್ಯ ರೈಫಲ್‌ನಲ್ಲಿ ಮೊದಲು ಪೆಟ್ಟಿಗೆ ಬಿಚ್ಚಿ ಪಕ್ಕಕ್ಕಿಡಿ, ಆಮೇಲೆ ಬೋಲ್ಟ್ ತೆರೆದು ಚೇಂಬರಿನ ತೋಟಾ ತೆಗೆಯಿರಿ. ಪೆಟ್ಟಿಗೆ ಒಳಗಿದ್ದಾಗ ಬೋಲ್ಟ್ ಆಡಿಸಿದರೆ ಒಂದನ್ನು ತೆಗೆದು ಇನ್ನೊಂದನ್ನು ತುಂಬಿದ ಹಾಗಾಗುತ್ತದೆ, ಆಮೇಲೆ ಪೆಟ್ಟಿಗೆ ಬಿಚ್ಚಿ "ಖಾಲಿ" ಅನ್ನುತ್ತೇವೆ. ಅಪಘಾತಗಳು ಆಗುವುದು ಈ ತಿರುವಿನಲ್ಲೇ.

ಲೀ-ಎನ್‌ಫೀಲ್ಡ್ ಮಾದರಿ ಮಾತ್ರ ಇದಕ್ಕೆ ಅಪವಾದ. ಅದರಲ್ಲಿ ಪೆಟ್ಟಿಗೆ ಬಿಡಿಸುವ ಚಿಲಕ ಟ್ರಿಗರ್ ಗಾರ್ಡಿನ ಒಳಗೆ, ಟ್ರಿಗರಿನ ಸ್ವಲ್ಪ ಮುಂದೆ ಇದೆ. ಒತ್ತಬೇಕೆಂದರೆ ಬೆರಳು ಗಾರ್ಡಿನೊಳಗೆ ಹೋಗಲೇಬೇಕು. ಚೇಂಬರಿನಲ್ಲಿ ತೋಟಾ ಇರುವಾಗ ಬೆರಳನ್ನು ಅಲ್ಲಿಗೆ ಕಳಿಸುವುದು ಬೇಡ. ಆದ್ದರಿಂದ ಇಲ್ಲಿ ಮೊದಲು ಬೋಲ್ಟ್ ತೆರೆದು ಪೂರ್ತಿ ಹಿಂದಕ್ಕೆ ಎಳೆಯಿರಿ, ಚೇಂಬರಿನ ತೋಟಾ ಹೊರಬೀಳಲಿ, ಬೋಲ್ಟ್ ಹಿಂದೆಯೇ ಇರಲಿ. ಒಂದು ಬೆರಳಷ್ಟೂ ಮುಂದೆ ಹೋಗಬಾರದು. ಈಗ ಚಿಲಕ ಮೇಲಕ್ಕೆ ಒತ್ತಿ ಪೆಟ್ಟಿಗೆ ಕೆಳಗೆ ಎಳೆಯಿರಿ. ಪೆಟ್ಟಿಗೆಯ ತೋಟಾಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಂದಕ್ಕೆ ಜಾರಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತುಟಿ ಬಾಗುತ್ತದೆ. ಸೇನೆಯಲ್ಲಿ ಈ ಪೆಟ್ಟಿಗೆಯನ್ನು ಬದಲಿಸುವ ಮ್ಯಾಗಜೀನ್ ಅಂತ ಬಳಸಲೇ ಇಲ್ಲ, ಐದೈದು ತೋಟಾಗಳ ಚಾರ್ಜರಿನಿಂದ (ತೋಟಾಗಳನ್ನು ಸಾಲಾಗಿ ಹಿಡಿದ ತಗಡಿನ ಪಟ್ಟಿ) ಮೇಲಿಂದಲೇ ತುಂಬುತ್ತಿದ್ದರು. ಒಂದು ರೈಫಲ್‌ನ ಪೆಟ್ಟಿಗೆ ಇನ್ನೊಂದಕ್ಕೆ ಸರಿಯಾಗಿ ಕೂರದೇ ಇರುವುದು ಅದಕ್ಕೇ.

ಹಳೆಯ .303ಗಳಲ್ಲಿ ಕಟ್-ಆಫ್ ಅಂತ ಒಂದು ತಗಡು ಇರುತ್ತದೆ, ಬಲಬದಿಯಿಂದ ಒಳಗೆ ತಳ್ಳಿದರೆ ಪೆಟ್ಟಿಗೆಯನ್ನು ಮೇಲಿಂದ ಮುಚ್ಚುತ್ತದೆ. ಬೋಲ್ಟ್ ತೆರೆದು ನೋಡಿದವನಿಗೆ ತಗಡು ಕಾಣುತ್ತದೆ, ಅದರಡಿಯ ಹತ್ತು ತೋಟಾ ಕಾಣುವುದಿಲ್ಲ. ಮೊದಲ ಮಹಾಯುದ್ಧದ ನಡುವೆ ಇದನ್ನು ಕೈಬಿಟ್ಟರು. ತಗಡು ಇದ್ದರೆ ಹೊರಗೆಳೆದೇ ನೋಡಬೇಕು.

ಒಳಪೆಟ್ಟಿಗೆ ಇದ್ದರೆ

ತಳದ ತಟ್ಟೆ ತೆರೆಯುವಂಥದ್ದಾದರೆ ಬೋಲ್ಟ್ ತೆರೆದು ಚೇಂಬರಿನದನ್ನು ತೆಗೆದು ಬೋಲ್ಟ್ ಹಿಂದೆಯೇ ಬಿಡಿ. ರೈಫಲ್ಲನ್ನು ಹೊರಳಿಸದೆ, ಎಡ ಅಂಗೈಯನ್ನು ತಟ್ಟೆಗೆ ಒತ್ತಿ ಹಿಡಿದು ಗುಂಡಿ ಒತ್ತಿ, ನಿಧಾನ ಬಿಡಿ. ಕೈ ಕೊಡದಿದ್ದರೆ ಸ್ಪ್ರಿಂಗ್ ತೋಟಾಗಳನ್ನು ನೆಲಕ್ಕೆ ಚೆಲ್ಲುತ್ತದೆ. ಕ್ಯಾಪ್ ಕಲ್ಲಿನ ಚೂಪಿಗೆ ಬಡಿಯುವ ಸಂಭವ ಕಡಿಮೆಯೇ, ಆದರೆ ಮಣ್ಣು ಮೆತ್ತಿದ ತೋಟಾ ಮತ್ತೆ ಒಳಗೆ ಹೋಗಿ ಚೇಂಬರ್ ಗೀರುತ್ತದೆ. ಕೆಳಗೆ ಒಂದು ಟವೆಲ್ ಹಾಸಿ.

ಹಳೇ ಸೇನಾ ಮೌಸರಿನಲ್ಲಿ ತಳದ ತಟ್ಟೆಗೆ ಗುಂಡಿ ಇಲ್ಲ, ಸಣ್ಣ ತೂತೊಂದಿದೆ. ಅದರಲ್ಲಿ ತೋಟಾದ ಮೂತಿ ಒತ್ತಿ ತಟ್ಟೆ ಜಾರಿಸುವುದು ರೂಢಿ. ಜೀವಂತ ತೋಟಾವನ್ನು ಸಾಮಾನಿನಂತೆ ಬಳಸುವುದು ನನಗೆ ಸರಿ ಕಾಣುವುದಿಲ್ಲ, ಮೊಂಡು ತುದಿಯ ಪಿತ್ತಳೆ ಕಡ್ಡಿ ಸಾಕು.

ಕುರುಡು ಪೆಟ್ಟಿಗೆಯಲ್ಲಿ ತೋಟಾಗಳಿಗೆ ಹೊರಬರಲು ಮೇಲಿನ ದಾರಿ ಒಂದೇ. ಆದರೂ ಪ್ರತಿಯೊಂದನ್ನೂ ಚೇಂಬರಿಗೆ ಕೂರಿಸಬೇಕಿಲ್ಲ. ಬೋಲ್ಟನ್ನು ನಿಧಾನ ಮುಂದೆ ತಳ್ಳಿ, ತೋಟಾದ ತಳ ತುಟಿಯಿಂದ ಬಿಡುಗಡೆಯಾಗಿ ಮೇಲೇಳುವುದು ಕಣ್ಣಿಗೆ ಕಾಣುತ್ತದೆ, ಅಲ್ಲಿ ನಿಲ್ಲಿಸಿ. ಮೌಸರ್ ಕೊಕ್ಕೆಯದಾದರೆ ಹಿಂದಕ್ಕೆ ಎಳೆಯಿರಿ, ಜೊತೆಗೇ ಬರುತ್ತದೆ. ತಳ್ಳುವ ಬೋಲ್ಟಾದರೆ ಬೋಲ್ಟ್ ಹಿಂದೆ ಎಳೆದು, ರೈಫಲ್ಲನ್ನು ಬಲಕ್ಕೆ ಓರೆ ಮಾಡಿ, ಸಡಿಲ ಬಿದ್ದ ತೋಟಾವನ್ನು ಬೆರಳಿನಿಂದ ಎತ್ತಿಕೊಳ್ಳಿ. ಅದು ಕೈಗೆ ಬರುವವರೆಗೆ ಬೋಲ್ಟ್ ಮುಂದೆ ಹೋಗಬಾರದು. ನಿಧಾನದ ಕೆಲಸ, ಆದರೆ ಬೋಲ್ಟ್ ಹಿಡಿ ಒಮ್ಮೆಯೂ ಕೆಳಗೆ ಕೂರುವುದಿಲ್ಲ, ಅಂದರೆ ರೈಫಲ್ ಹಾರುವ ಸ್ಥಿತಿಗೆ ಬರುವುದೇ ಇಲ್ಲ.

ಹೊರಬೀಳುವ ತೋಟಾವನ್ನು ಹಿಡಿಯಲು ಬೋಲ್ಟ್ ತೆರೆದ ಬಾಯಿಗೆ ಅಂಗೈ ಮುಚ್ಚುವ ಅಭ್ಯಾಸ ಕೆಲವರಿಗಿದೆ. ಕ್ಯಾಪ್ ಇಜೆಕ್ಟರಿನ (ತೋಟಾವನ್ನು ಹೊರಗೆಸೆಯುವ ಭಾಗ) ಮೊನೆಗೆ ತಾಗಿ ಸಿಡಿದರೆ ಕವಚದ ಚೂರು ನೇರ ಅಂಗೈಗೆ. ಬೀಳಲಿ ಬಿಡಿ.

ಕೊಳವೆಯ .22ರಲ್ಲಿ ಒಳಗಿನ ಕಡ್ಡಿ ಎಳೆದು ತೋಟಾಗಳನ್ನು ಸುರಿಯುವಾಗ ಕೈ ಮೂತಿಯ ಹತ್ತಿರ ಹೋಗುತ್ತದೆ. ಮೊದಲು ಬೋಲ್ಟ್ ತೆರೆದು ಚೇಂಬರ್ ಖಾಲಿ ಮಾಡಿ, ಪಕ್ಕದಿಂದ ಕೈ ಹಾಕಿ. ಸುರಿದ ಮೇಲೂ ಒಂದು ತೋಟಾ ಕೊಳವೆಗೂ ಚೇಂಬರಿಗೂ ನಡುವಿನ ಎತ್ತುವ ತಟ್ಟೆಯಲ್ಲಿ ಉಳಿದಿರಬಹುದು. ಬೋಲ್ಟ್ ಮೂರು-ನಾಲ್ಕು ಸಲ ಆಡಿಸಿ ಆಮೇಲೆ ನೋಡಿ.

ನೋಡುವುದು, ಮುಟ್ಟುವುದು

ಯಾವ ಪೆಟ್ಟಿಗೆಯಾದರೂ ಕೊನೆಗೆ ಮೂರು ಕಡೆ ನೋಡಬೇಕು. ಚೇಂಬರ್, ಪೆಟ್ಟಿಗೆಯ ಒಳಭಾಗ, ಬೋಲ್ಟಿನ ಮೂತಿ. ಕೊಕ್ಕೆಗೆ ಅಂಟಿಕೊಂಡೇ ಉಳಿದ ತೋಟಾ ಉಂಟು. ಮಬ್ಬು ಬೆಳಕಿನಲ್ಲಿ ಹೊಳೆಯುವ ಫಾಲೋವರೂ ಪಿತ್ತಳೆಯೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಕಿರುಬೆರಳು ಚೇಂಬರಿನೊಳಗೆ ಹಾಕಿ ತೂತಿನ ಅಂಚು ಮುಟ್ಟಿ, ಫಾಲೋವರ್ ಒತ್ತಿ ನೋಡಿ. ಅದು ಸ್ಪ್ರಿಂಗ್ ಮೇಲೆ ಕೆಳಗಿಳಿದು ಎದ್ದು ಬರಬೇಕು. ತೋಟಾಗಳನ್ನು ಎಣಿಸಿ. ಐದು ಹಾಕಿ ನಾಲ್ಕು ಬಂದಿದ್ದರೆ ಐದನೆಯದು ಸಿಗುವವರೆಗೆ ರೈಫಲ್ ಖಾಲಿ ಆಗಿಲ್ಲ.

ಇಷ್ಟಾದ ಮೇಲೆ ಸ್ಪ್ರಿಂಗ್ ಸಡಿಲಿಸಿ ಇಡಬೇಕೆಂದರೆ, ಟ್ರಿಗರ್ ಒತ್ತಿ ಹಿಡಿದು ಬೋಲ್ಟ್ ಮೆಲ್ಲಗೆ ಮುಂದೆ ತಂದು ಹಿಡಿ ಕೆಳಗಿಳಿಸಿ. ಮೌಸರ್ 98ರಲ್ಲಿ ಬೋಲ್ಟ್ ತೆರೆಯುವಾಗ ಪಿನ್ ಎಳೆದುಕೊಳ್ಳುತ್ತದೆ, ಲೀಯಲ್ಲಿ ಮುಚ್ಚುವಾಗ. ಎರಡರಲ್ಲೂ ಹೀಗೆ ಸಡಿಲವಾಗುತ್ತದೆ.

ಬೋಲ್ಟ್ ತೆಗೆದಾಗ ಕವಚ ಮಾತ್ರ ಬಂದು ಮದ್ದು ಒಳಗೆ ಚೆಲ್ಲಿತೋ? ಗುಂಡು ನಳಿಗೆಯ ತೋಡಿನಲ್ಲಿ ಕಚ್ಚಿಕೊಂಡು ಉಳಿದಿದೆ ಅಂತ ಅರ್ಥ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಟ್ರಿಗರ್ ಒತ್ತಿಯೂ ಹಾರದ ತೋಟಾ ಇದ್ದರೆ ತಕ್ಷಣ ಬೋಲ್ಟ್ ತೆಗೆಯಬೇಡಿ. ಮೂತಿ ಮರಳಿಗೆ ಇಟ್ಟು ಒಂದು ನಿಮಿಷ ಕಾಯಿರಿ, ತಡವಾಗಿ ಹೊತ್ತುವ ಮದ್ದು ಉಂಟು. ತೋಟಾ ಚೇಂಬರಿನಲ್ಲಿ ಸಿಕ್ಕಿಕೊಂಡು ಬೋಲ್ಟ್ ಹೊರಳದಿದ್ದರೆ ಮೂತಿಯಿಂದ ಕಡ್ಡಿ ಹಾಕಿ ಬಡಿಯುವುದು ಬೇಡವೇ ಬೇಡ. ಲೈಸೆನ್ಸ್ ಇರುವ ಡೀಲರಿಗೆ ಫೋನ್ ಮಾಡಿ.

ಕೆಡಿಸುವ ಸಂಗತಿಗಳು

ತೋಟಾ ಸಿಕ್ಕಿಕೊಳ್ಳುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಚರ್ಮದ ಬೆಲ್ಟು. ಹದ ಮಾಡಿದ ಚರ್ಮದ ಆಮ್ಲ ಪಿತ್ತಳೆ ತಿಂದು ಹಸಿರು ಕಿಲುಬು ಕಟ್ಟಿಸುತ್ತದೆ. ವರ್ಷಗಟ್ಟಲೆ ಬೆಲ್ಟಿನಲ್ಲೇ ಕೂತ ತೋಟಾ ಚೇಂಬರಿಗೆ ಅರ್ಧ ಹೋಗಿ ನಿಲ್ಲುತ್ತದೆ. ರಟ್ಟಿನ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ.

ಎರಡನೆಯದು ಎಣ್ಣೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಒಣಗಿ ಅಂಟಾಗುತ್ತದೆ. ಮೆಕ್ಕೆಜೋಳ ಬಡಿಯುವ ಕಾಲದ ಧೂಳು ಸೇರಿದರೆ ಫಾಲೋವರ್ ಮೇಲೇಳುವುದೇ ಇಲ್ಲ, ಪೆಟ್ಟಿಗೆಯಲ್ಲಿ ತೋಟಾ ಇದ್ದೂ ಬೋಲ್ಟ್ ಖಾಲಿ ಓಡುತ್ತದೆ. ನೋಡಿದವನು ಮುಗಿಯಿತು ಅಂದುಕೊಳ್ಳುತ್ತಾನೆ. ಆಮೇಲೆ ಎಲ್ಲೋ ತಾಗಿ ಫಾಲೋವರ್ ಬಿಟ್ಟುಕೊಂಡಾಗ ಉಳಿದ ತೋಟಾ ಎದ್ದು ನಿಲ್ಲುತ್ತದೆ. ಪೆಟ್ಟಿಗೆಯ ಒಳಗೆ ಎಣ್ಣೆ ಬೇಕಿಲ್ಲ, ಗನ್ ಎಣ್ಣೆ ಮುಟ್ಟಿಸಿದ ಬಟ್ಟೆಯಿಂದ ಒರೆಸಿ ಒಣಬಟ್ಟೆಯಿಂದ ತೆಗೆದರೆ ಸಾಕು. ಹೆಚ್ಚಾದ ಎಣ್ಣೆ ಕ್ಯಾಪಿನೊಳಗೆ ಇಳಿದು ತೋಟಾವನ್ನೇ ಸಾಯಿಸುತ್ತದೆ.

ಆಯುಧಪೂಜೆಯ ದಿನ ಇನ್ನೊಂದು. ರೈಫಲ್ಲನ್ನು ಮಣೆ ಮೇಲಿಟ್ಟು ಅರಿಶಿನ, ಕುಂಕುಮ, ಹೂವು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಬೋಲ್ಟ್ ಹೊರತೆಗೆದು ಪಕ್ಕದಲ್ಲಿ ಬೇರೆ ಇಡಿ, ಬಾಯಿಗೆ ಬಟ್ಟೆ ಮುಚ್ಚಿ, ಕುಂಕುಮವನ್ನು ಮರಕ್ಕೆ ಹಚ್ಚಿ. ಬೋಲ್ಟ್ ಹೊರಗಿದ್ದರೆ ಮಕ್ಕಳು ಮುಟ್ಟಿದರೂ, ಫೋಟೊಗೆಂದು ಯಾರಾದರೂ ಎತ್ತಿದರೂ ಅದು ಬರೀ ಕಬ್ಬಿಣ. ತೋಟಾಗಳನ್ನು ಪೂಜೆಗೆ ಇಡಲೇಬೇಕಿಲ್ಲ. ಮೆರವಣಿಗೆಯಲ್ಲಿ, ಮದುವೆಯಲ್ಲಿ ಹಾರಿಸುವ ಶೋಕಿಗೆ 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯ 25(9)ರಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ.

ಒಂದೇ ತೋಟಾವನ್ನು ಮತ್ತೆ ಮತ್ತೆ ಹಾಕಿ ತೆಗೆಯುವುದೂ ಕೆಟ್ಟದ್ದು. ಅಂಚು ಕೊಕ್ಕೆಗೆ ಸಿಕ್ಕು ಸವೆಯುತ್ತದೆ, ಮೂತಿ ಬಡಿದು ಬಡಿದು ಗುಂಡು ಕವಚದೊಳಗೆ ಕುಸಿಯುತ್ತದೆ, ಒಳಗಿನ ಜಾಗ ಕಮ್ಮಿಯಾಗಿ ಒತ್ತಡ ಏರುತ್ತದೆ. ಹೊಸ ತೋಟಾದ ಪಕ್ಕಕ್ಕೆ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಬೇರೆ ಇಡಿ. ಅಭ್ಯಾಸಕ್ಕೆ ಡಮ್ಮಿ ತೋಟಾ ಬಳಸಿ.

ತುಟಿ ಬಾಗಿದ್ದರೆ ಎರಡು ಲಕ್ಷಣ. ಹೊರಬಾಗಿದ್ದರೆ ತೋಟಾ ಬೇಗ ಬಿಟ್ಟುಕೊಂಡು ಮೇಲೆ ಹಾರುತ್ತದೆ, ಕೆಲವೊಮ್ಮೆ ಎರಡು ಒಟ್ಟಿಗೆ. ಒಳಬಾಗಿದ್ದರೆ ತಡವಾಗಿ ಬಿಟ್ಟು ಮೂತಿ ಕೆಳಗೆ ಮುಗ್ಗರಿಸಿ ಪೆಟ್ಟಿಗೆಯ ಮುಂಗೋಡೆಗೆ ಚುಚ್ಚುತ್ತದೆ. ಮೂತಿ ಮುಗ್ಗರಿಸುವುದಕ್ಕೆ ಸ್ಪ್ರಿಂಗ್ ತಿರುಗಮುರುಗ ಹಾಕಿದ್ದೂ ಕಾರಣ ಇರಬಹುದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ತುಟಿಯನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡುವುದು ಗೊತ್ತಿದ್ದವರ ಕೆಲಸ, ಗೊತ್ತಿಲ್ಲದಿದ್ದರೆ ಹೊಸ ಪೆಟ್ಟಿಗೆ ಕೊಳ್ಳುವುದೇ ಅಗ್ಗ.

ಠಾಣೆಗೆ ಕೊಡುವಾಗ

ಚುನಾವಣೆ ನೀತಿಸಂಹಿತೆ ಬಂದಾಗ ಠಾಣೆಗೋ ಡೀಲರಿಗೋ ರೈಫಲ್ ಕೊಡುವ ಸಂದರ್ಭ ಬರುತ್ತದೆ. ಮನೆಯಲ್ಲೇ ಖಾಲಿ ಮಾಡಿ, ಚೀಲಕ್ಕೆ ಹಾಕಿ, ತೋಟಾ ಬೇರೆ ಡಬ್ಬಿಯಲ್ಲಿ. ಕೊಡುವಾಗ ಬೋಲ್ಟ್ ತೆರೆದೇ ಕೈಗೆ ಕೊಡಿ, ತೆಗೆದುಕೊಳ್ಳುವವರು ತಾವೇ ಒಳಗೆ ನೋಡಲಿ. "ನಾನು ನೋಡೇನಿ ಸರ್" ಅನ್ನುವುದು ಸಾಲದು. ರಸೀದಿಯಲ್ಲಿ ರೈಫಲ್ ನಂಬರಿನ ಜೊತೆ ಮ್ಯಾಗಜೀನ್ ಎಷ್ಟು, ತೋಟಾ ಎಷ್ಟು ಅಂತಲೂ ಬರೆಸಿ. ಒಂದೇ ಜಾತಿಯ ರೈಫಲ್‌ಗಳು ಒಟ್ಟಿಗೆ ಇದ್ದಾಗ ಬೋಲ್ಟೂ ಪೆಟ್ಟಿಗೆಯೂ ಅದಲುಬದಲಾಗುವುದುಂಟು. ಲೀ-ಎನ್‌ಫೀಲ್ಡ್ ಜಾತಿಯಲ್ಲಿ ಬೋಲ್ಟ್ ಹಿಡಿಯ ಹಿಂಬದಿಯಲ್ಲಿ ನಂಬರ್ ಹೊಡೆದಿರುತ್ತಾರೆ, ಅದು ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಮೈ) ನಂಬರಿಗೆ ಕೂಡಬೇಕು. ಬೋಲ್ಟಿನ ಮೂತಿ ಆ ರೈಫಲ್‌ನ ಚೇಂಬರಿಗೆ ಅಳೆದು ಹೊಂದಿಸಿದ್ದು. ಬೇರೆಯದು ಬಂದರೆ ತೋಟಾದ ಹಿಂದೆ ಸಂದು ಹೆಚ್ಚಾಗಿ ಕವಚ ಹರಿಯಬಹುದು. ವಾಪಸ್ ತರುವಾಗ ನಂಬರ್ ನೋಡಿಕೊಂಡು, ಪೆಟ್ಟಿಗೆ ಚಿಲಕಕ್ಕೆ ಸರಿಯಾಗಿ ಕೂರುತ್ತದೆಯೇ ಅಂತ ಅಲ್ಲೇ ಹಾಕಿ ನೋಡಿ ಸಹಿ ಮಾಡಿ.